ಬಳೆಗಾರನ ಪಥ್ಯ

"ಬುದ್ಧೀ, ಹೆಸರೇ ಇಲ್ಲದ ಕಾಯಿಲೆಗೆ ಎಷ್ಟು ದಿನ ಅಂತ ಪಥ್ಯ ಮಾಡೋದು?"

ಕೇಳಿದವನು ಶಿಷ್ಯ ಮರಿದೇವ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ದಿನವೂ ಇನ್ನೂರು ಜನರ ಊಟಕ್ಕೆ ಅಕ್ಕಿ, ಬೇಳೆ, ಬೆಲ್ಲ ಅಳೆದು ಕೊಡುವವನು ಅವನೇ. ಆದರೆ ಐದು ತಿಂಗಳಿಂದ ಅವನ ಬಾಯಿಗೆ ಬಿದ್ದದ್ದು ಉಪ್ಪಿಲ್ಲದ ಗಂಜಿ ಮಾತ್ರ. ಹೊಟ್ಟೆ ಹಿಡಿದುಕೊಂಡು ಬಿದ್ದವನು ಎದ್ದೇನೋ ಕೂತಿದ್ದ, ಯಾವ ಕಾಯಿಲೆಯಿಂದ ಎದ್ದೆ ಎಂಬುದು ಗೊತ್ತಿರಲಿಲ್ಲ. ಮೂವರು ವೈದ್ಯರು ಬಂದಿದ್ದರು. ಮೂವರೂ ನಾಡಿ ಹಿಡಿದರು, ಮೂವರೂ ತಲೆ ಕೆರೆದುಕೊಂಡರು, ಮೂವರೂ ಗಂಜಿ ಎಂದರು.

"ಇಂಥ ಕಾಯಿಲೆ ಅಂತ ಗೊತ್ತಿದ್ದರೆ ಹಲ್ಲು ಕಚ್ಚಿಕೊಂಡು ಇರಬಹುದಿತ್ತು. ಸಾಕಾಗಿದೆ ಬುದ್ಧೀ. ನಾಳೆಯಿಂದ ಎಲ್ಲರ ಪಂಕ್ತಿಯಲ್ಲೇ ಕೂತು ಉಣ್ಣುತ್ತೇನೆ. ಆದದ್ದಾಗಲಿ."

ಗುರುಗಳು ಬೇಡ ಎನ್ನಲಿಲ್ಲ. ಕೂರು ಎಂದು ಕೈಯಲ್ಲೇ ತೋರಿಸಿ ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಊರೂರು ಸುತ್ತುವುದು ಅವನ ಕಸುಬು. ಆ ಸೀಮೆಯ ಹೆಂಗಸರು ಅವನನ್ನು ಬರಿಯ ವ್ಯಾಪಾರಿ ಎಂದುಕೊಂಡವರಲ್ಲ, ತವರಿನ ಕಡೆಯಿಂದ ಬಂದ ಅಣ್ಣ ಎಂದುಕೊಂಡವರು. ಬಳೆ ತೊಡಿಸಿಕೊಂಡ ಮೇಲೆ ಅವನಿಗೆ ಕೈ ಮುಗಿಯುತ್ತಿದ್ದರು, ಮೊರದಲ್ಲಿ ಅಕ್ಕಿ ಕೊಡುತ್ತಿದ್ದರು, ಎಲೆ ಹಾಕಿ ಬಡಿಸುತ್ತಿದ್ದರು. ಬಳೆಗಾರ ಹಸಿದು ಹೊಸ್ತಿಲು ದಾಟಿದರೆ ತೊಟ್ಟ ಬಳೆ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ಅಲ್ಲಿಯ ನಂಬಿಕೆ. ಉಳಿಯುವುದಿಲ್ಲ ಎಂದರೆ ಏನು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಡನಿರುವ ಹೆಂಗಸಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಹೀಗಾಗಿ ಬಡಿಸಿದ್ದನ್ನು ಉಂಡು, ಚೆನ್ನಾಗಿತ್ತು ತಾಯಿ ಎನ್ನುವುದೂ ಅವನ ಕಸುಬಿನ ಒಂದು ಭಾಗವೇ ಆಗಿತ್ತು. ಅವನು ಅದನ್ನು ಸಂತೋಷದಿಂದಲೇ ಮಾಡುತ್ತಿದ್ದ.

ಒಂದು ಬೇಸಗೆಯಲ್ಲಿ ಬಳೆಗಾರ ಹಾಸಿಗೆ ಹಿಡಿದ. ತಿಂದದ್ದು ನಿಲ್ಲದು, ನಿಂತದ್ದು ಮೈಗೆ ಹತ್ತದು. ಮಲಾರ ಹೊತ್ತ ಹೆಗಲಿನ ಮೂಳೆ ಎದ್ದು ಕಂಡಿತು. ಊರಿನ ಪಂಡಿತ ಒಂದೊಂದೇ ಪದಾರ್ಥ ಬಿಡಿಸುತ್ತ ಹೋದ. ಖಾರ ಬಿಡಿಸಿದ, ಹುಳಿ ಬಿಡಿಸಿದ, ಎಣ್ಣೆ, ಬೆಲ್ಲ, ತೆಂಗಿನಕಾಯಿ ಎಲ್ಲವನ್ನೂ ಬಿಡಿಸಿದ. ಮೆತ್ತಗೆ ಬೇಯಿಸಿದ ಅನ್ನ, ನೀರು ಮಜ್ಜಿಗೆ, ಬೇಯಿಸಿದ ಸೋರೆಕಾಯಿ, ಇಷ್ಟಕ್ಕೆ ಬಂದಾಗ ತಿಂದದ್ದು ಹೊಟ್ಟೆಯಲ್ಲಿ ನಿಂತಿತು.

"ಏನು ಕಾಯಿಲೆ ಪಂಡಿತರೇ?" ಎಂದು ಬಳೆಗಾರ ಕೇಳಿದ.

"ಗೊತ್ತಿಲ್ಲಪ್ಪ. ಇದನ್ನ ಉಂಡರೆ ತಡೆಯುತ್ತೆ, ಅಷ್ಟು ಗೊತ್ತಾಯ್ತು. ಎಷ್ಟು ದಿನ ಅಂತಲೂ ಕೇಳಬೇಡ, ಅದೂ ಗೊತ್ತಿಲ್ಲ."

ಪಂಡಿತ ಪ್ರಾಮಾಣಿಕ. ಪ್ರಾಮಾಣಿಕನ ಹತ್ತಿರ ಹೋದ ರೋಗಿಗೆ ಔಷಧಿ ಸಿಗಬಹುದು, ಸಮಾಧಾನ ಸಿಗುವುದು ಕಷ್ಟ.

ಕಾಲಿಗೆ ಸ್ವಲ್ಪ ಬಲ ಬಂದ ಕೂಡಲೇ ಬಳೆಗಾರ ಮಲಾರ ಎತ್ತಿಕೊಂಡು ಹೊರಟ. ಮೊದಲನೆಯ ಮನೆಯಲ್ಲೇ ಕಷ್ಟ ಶುರುವಾಯಿತು. ಎಲೆ ಹಾಕಿದ್ದರು. ಊಟ ಒಲ್ಲೆ ತಾಯಿ, ಪಥ್ಯ ಎಂದ. ಯಾವ ಕಾಯಿಲೆ ಅಣ್ಣಾ ಎಂದಳು ಆ ಮನೆಯಾಕೆ. ಗೊತ್ತಿಲ್ಲ ಎಂದ. ಗೊತ್ತಿಲ್ಲದ ಮೇಲೆ ಕಾಯಿಲೆ ಎಲ್ಲಿಂದ ಬಂತು, ಉಣ್ಣು ಎಂದಳು. ಎರಡನೆಯ ಮನೆಯವರು ತಮ್ಮ ಅನ್ನ ಅವನಿಗೆ ಸೇರದಾಯಿತೆ ಎಂದು ಮುಖ ಊದಿಸಿಕೊಂಡರು. ಮೂರನೆಯ ಮನೆಯ ಅತ್ತೆ, ಇವನು ಯಾವುದೋ ಅಂಟುರೋಗ ಮುಚ್ಚಿಡುತ್ತಿದ್ದಾನೆ ಎಂದು ಸೊಸೆಯ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ದಿನಕ್ಕೆ ಹತ್ತು ಮನೆ, ಹತ್ತು ಮನೆಯಲ್ಲೂ ಅದೇ ಪ್ರಶ್ನೆ. ಹುಳಿ ಖಾರ ಬಿಟ್ಟದ್ದಕ್ಕಿಂತ ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವನು ಹೆಚ್ಚು ದಣಿದ. ಬಳೆ ಮಾರದಿದ್ದರೆ ಮನೆಯಲ್ಲಿ ಒಲೆ ಉರಿಯದು. ಕಂಡವರ ಮನೆಯಲ್ಲಿ ಉಂಡರೆ ತಾನೇ ಉಳಿಯುವುದಿಲ್ಲ.

ಒಂದು ದಿನ ದಣಿವಿನಲ್ಲೇ ಅವನ ಬಾಯಿಂದ ಸುಳ್ಳೊಂದು ಬಂತು. ಏನು ಕಾಯಿಲೆ ಎಂದವಳಿಗೆ ಕಾಮಾಲೆ ತಾಯಿ ಎಂದುಬಿಟ್ಟ.

ಅಯ್ಯೋ ಪಾಪ ಎಂದಳು ಆಕೆ. ಅಷ್ಟೇ. ಎಲೆ ಎತ್ತಿದಳು, ಒಂದು ಲೋಟ ಮಜ್ಜಿಗೆ ಕೊಟ್ಟಳು, ಇದೇ ಊಟ ಅಂದುಕೋ ಅಣ್ಣ ಎಂದು ಕೈ ಚಾಚಿ ಬಳೆ ತೊಡಿಸಿಕೊಂಡಳು. ಕಾಮಾಲೆ ಯಾರಿಗೆ ಗೊತ್ತಿಲ್ಲ? ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಬಂದು ಹೋದದ್ದೇ. ಬಳೆಗಾರನ ಎದೆ ಹಗುರವಾಯಿತು. ಎಷ್ಟೋ ದಿನಗಳ ಮೇಲೆ ಅವನು ಅಂದು ನೆಮ್ಮದಿಯಿಂದ ಮನೆಗೆ ಹೋದ.

ಆದರೆ ಹೆಸರಿರುವ ಕಾಯಿಲೆಗೆ ಮದ್ದು ಹೇಳದವರು ಯಾರು? ಒಂದು ಮನೆಯಲ್ಲಿ ನೆಲನೆಲ್ಲಿ ಅರೆದು ಹಾಲಿನಲ್ಲಿ ಕಲಸಿ ಕೊಟ್ಟರು. ಇನ್ನೊಂದು ಮನೆಯಲ್ಲಿ ಕಬ್ಬಿನ ಹಾಲು ತಂದಿಟ್ಟರು. ಒಬ್ಬ ಮುದುಕ ಅವನ ರೆಪ್ಪೆ ಎಳೆದು, ಹಳದಿ ಕಾಣುವುದಿಲ್ಲವಲ್ಲೋ ಎಂದ. ಈಗ ಇಳಿಯುತ್ತಿದೆ ಅಜ್ಜ ಎಂದು ಬಳೆಗಾರ ತಪ್ಪಿಸಿಕೊಂಡ. ಊಟ ಬೇಡ ಎಂದವನು ಮದ್ದನ್ನೂ ಬೇಡ ಎನ್ನುವುದು ಹೇಗೆ? ಮೊದಮೊದಲು ತುಟಿಗೆ ತಾಗಿಸಿ ಹಿತ್ತಲಿಗೆ ಚೆಲ್ಲಿದ. ಆಮೇಲೆ ಒಂದೊಂದು ಗುಟುಕು ಕುಡಿದ. ಐದು ತಿಂಗಳಿಂದ ಸಿಹಿ ಕಾಣದ ನಾಲಿಗೆ ಅದು. ಕಬ್ಬಿನ ಹಾಲು ಕುಡಿದ ದಿನ ಅವನ ಕಣ್ಣಲ್ಲಿ ನೀರು ಬಂತು.

ಅಷ್ಟಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಕಾಮಾಲೆಗೆ ನಲವತ್ತು ದಿನ ಪಥ್ಯ, ಆಮೇಲೆ ಏನು ಬೇಕಾದರೂ ತಿನ್ನು ಎಂದು ಮನೆಮನೆಯಲ್ಲೂ ಹೇಳುತ್ತಿದ್ದರು. ಕೇಳಿ ಕೇಳಿ ಆ ನಲವತ್ತು ಅವನ ತಲೆಯಲ್ಲಿ ಕೂತಿತು. ಎಂದು ಮುಗಿಯುತ್ತದೆ ಎಂದು ಪಂಡಿತ ಹೇಳಿರಲಿಲ್ಲ, ಊರವರು ಹೇಳಿದರು. ಬಳೆಗಾರ ದಿನ ಎಣಿಸತೊಡಗಿದ. ಎಣಿಸುತ್ತ ಎಣಿಸುತ್ತ ಸುಳ್ಳು ಹೇಳಿದವನು ತಾನು ಎಂಬುದನ್ನೇ ಮರೆತ. ಬೆಳಿಗ್ಗೆ ಎದ್ದು ಅಂಗೈ ತಿರುಗಿಸಿ, ಹಳದಿ ಕಡಮೆಯಾಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುವಷ್ಟು ಮರೆತ.

ನಲವತ್ತೊಂದನೆಯ ದಿನ ಒಂದು ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ನನ್ನ ಪಥ್ಯ ಮುಗಿಯಿತು ತಾಯಿ ಎಂದು ಬಳೆಗಾರ ಎಲೆಯ ಮುಂದೆ ಕೂತ. ಮನೆಯವರಿಗೂ ಸಂಭ್ರಮ. ತುಪ್ಪ ಸುರಿದು ನಾಲ್ಕು ಒಬ್ಬಟ್ಟು ಬಡಿಸಿದರು. ಖಾರದ ಸಾರನ್ನು ಸೊರ್ರೆಂದು ಸುರಿದುಕೊಂಡ. ಸಂಜೆಗೆ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಊರಿಗೆ ತಂದರು.

ಪಂಡಿತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏನೇನು ತಿಂದೆ ಎಂದು ಕೇಳಿದ, ಎಲ್ಲವನ್ನೂ ಕೇಳಿಸಿಕೊಂಡ, ಮೊದಲಿಂದ ಶುರು ಮಾಡು ಎಂದ. ತಿಂಗಳುಗಟ್ಟಲೆ ಕಷ್ಟಪಟ್ಟು ಕೂಡಿಸಿಕೊಂಡ ಬಲ ಒಂದು ಹೊತ್ತಿನ ಊಟಕ್ಕೆ ಹೋಗಿತ್ತು. ಬಳೆಗಾರ ಗೋಡೆಗೆ ಮುಖ ಮಾಡಿ ಮಲಗಿ ಅತ್ತ. ಎದ್ದು ಓಡಾಡುವಂತಾಗಲು ಮತ್ತೆ ಚಳಿಗಾಲವೆಲ್ಲ ಹಿಡಿಯಿತು.

ಮತ್ತೆ ಮಲಾರ ಹೊತ್ತು ಹೊರಟಾಗ ಸುಳ್ಳು ಹೇಳುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಮೊಮ್ಮಗಳಿಗೆ ಬಳೆ ತೊಡಿಸು ಎಂದು ಕರೆದಳು. ತೊಡಿಸಿದ. ಮುದುಕಿ ಎಲೆ ತಂದಳು.

"ಪಥ್ಯದಲ್ಲಿದ್ದೇನೆ ಅವ್ವ. ಏನು ಕಾಯಿಲೆಯೋ ಗೊತ್ತಿಲ್ಲ. ಹೋದ ಸಲ ಕಾಮಾಲೆ ಅಂದದ್ದು ಸುಳ್ಳು. ಬೇಡ ಅಂದರೆ ಬಳೆ ಬಿಚ್ಚಿಕೊಂಡು ಹೋಗುತ್ತೇನೆ."

ಮುದುಕಿ ಎಲೆ ಹಿಡಿದು ನಿಂತೇ ಇದ್ದಳು. "ಕಾಯಿಲೆ ಹೆಸರು ಕಟ್ಟಿಕೊಂಡು ನನಗೇನಾಗಬೇಕು? ನಿನಗೆ ಏನು ಸೇರುತ್ತೆ, ಅದು ಹೇಳು."

ಇಷ್ಟು ದಿನವೂ ಬಳೆಗಾರ ಬೇಡದ್ದನ್ನೇ ಹೇಳುತ್ತ ಬಂದವನು. ಸೇರುವುದು ಏನು ಎಂದು ಒಬ್ಬರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಮೆತ್ತಗಿನ ಅನ್ನ ಎಂದ. ಸೋರೆಕಾಯಿ ಎಂದ. ನೀರು ಮಜ್ಜಿಗೆ ಎಂದ. ಹೇಳುವಾಗ ಅವನಿಗೆ ನಾಚಿಕೆಯಾಯಿತು.

ಮುದುಕಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಹೊತ್ತಾಯಿತು, ಅವನು ಜಗಲಿಯ ಮೇಲೆ ಕಾದ. ಎಲೆಗೆ ನೀರು ಚಿಮುಕಿಸಿ, ಅನ್ನ ಬಡಿಸಿ, ಸೋರೆಕಾಯಿಯನ್ನು ಪಕ್ಕಕ್ಕೆ ಹಾಕಿ, ಇನ್ನಷ್ಟು ಹಾಕಲೆ ಎಂದು ಕೇಳಿದಳು. ಗಂಜಿ ಕುಡಿಸುವವರು ಯಾರೂ ರೋಗಿಯನ್ನು ಹಾಗೆ ಉಪಚರಿಸುವುದಿಲ್ಲ. ಬಳೆಗಾರ ಅಷ್ಟು ದಿನ ಕಣ್ಣು ಮುಚ್ಚಿ ನುಂಗುತ್ತಿದ್ದ ಸೋರೆಕಾಯಿಯನ್ನು ಅಂದು ಅಗಿದ. ಅದರಲ್ಲಿ ಸಣ್ಣದೊಂದು ಸಿಹಿ ಇತ್ತು. ಇನ್ನೊಂದಿಷ್ಟು ಹಾಕಿ ಅವ್ವ ಎಂದು ಕೇಳಿ ಹಾಕಿಸಿಕೊಂಡ. ಚೆನ್ನಾಗಿತ್ತು ಎಂದ. ಆ ಮಾತಿನಲ್ಲಿ ಬಾಯುಪಚಾರವಿರಲಿಲ್ಲ.

ಆಮೇಲೆ ಯಾರ ಮನೆಗೆ ಹೋದರೂ ಅವನು ಕಾಯಿಲೆಯ ಮಾತು ಎತ್ತಲಿಲ್ಲ. ನನಗೆ ಸೋರೆಕಾಯಿ ಸೇರುತ್ತದೆ ತಾಯಿ, ಇದ್ದರೆ ಬೇಯಿಸಿ ಎನ್ನುತ್ತಿದ್ದ. ಎರಡು ಊರುಗಳು ಅವನಿಗೆ ತಪ್ಪಿಯೇ ಹೋದವು, ಅಲ್ಲಿಯ ಹೆಂಗಸರು ಬೇರೆ ಬಳೆಗಾರನನ್ನು ಹುಡುಕಿಕೊಂಡರು. ಉಳಿದ ಊರುಗಳಲ್ಲಿ ಅವನು ಬರುವ ವಾರ ಗೊತ್ತಿದ್ದವರು ಚಪ್ಪರದಲ್ಲಿ ಒಂದು ಎಳೆಯ ಕಾಯಿ ಬಿಟ್ಟಿರುತ್ತಿದ್ದರು. ದಣಿವು ಒಂದೇ ದಿನಕ್ಕೆ ಹೋಗಲಿಲ್ಲ. ಆದರೂ ಅವನು ಬಳೆ ಮಾರಿದ, ಬದುಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಅವನ ಪಥ್ಯ ಮುಗಿದದ್ದು ಯಾವಾಗ ಬುದ್ಧೀ?"

"ಅದು ಅವನಿಗೂ ಗೊತ್ತಾಗಲಿಲ್ಲ ಮರಿದೇವ, ಅಷ್ಟು ಹೊತ್ತಿಗೆ ಅವನು ಪಥ್ಯ ಮಾಡುತ್ತಿರಲಿಲ್ಲ, ಊಟ ಮಾಡುತ್ತಿದ್ದ."