ಇಳಿಜಾರಿನಲ್ಲಿ ನಿಂತ ಗಾಡಿಗಳು

"ಇದೇ ಪಿಕಪ್ ಗಾಡೀನ ಇನ್ನೊಂದ್ ಸಲ ಕೊಳ್ಳೋರು ಕೈ ಎತ್ತಿ! ಎತ್ತದೋರಿಗೆ ಫ್ರೀ ಸರ್ವಿಸ್ ಇಲ್ಲ!" ಶೋರೂಮ್ ಮ್ಯಾನೇಜರ್ ಜಾಹೀರಾತಿನ ಕ್ಯಾಮೆರಾ ಮುಂದೆ ಗುಡುಗಿದ. ಅಲ್ಲಿ ಸೇರಿದ್ದ ಗಾಡಿ ಮಾಲೀಕರೆಲ್ಲ ಎತ್ತಿದರು. ಎಳನೀರು ಸಾಗಿಸುವ ದ್ಯಾವೀರಪ್ಪ ಮಾತ್ರ ಎತ್ತಲಿಲ್ಲ.

"ನಿನ್ನ ಕೈಗೇನಯ್ಯ ರೋಗ?"

"ನಮ್ಮನ್ನೇನ್ ಕೇಳ್ತೀರ ಸಾ? ಹೊರಗೆ ಬಂದು ಗಾಡಿಗಳನ್ನ ನೋಡಿ."

ಹೊರಗೆ ಮಟ್ಟಸವಾದ ಮೈದಾನ, ಒಳ್ಳೆ ಮರದ ನೆರಳು. ಅಲ್ಲಿ ಒಂದು ಗಾಡಿಯೂ ಇಲ್ಲ. ಎಲ್ಲವೂ ಉರಿಬಿಸಿಲಲ್ಲಿ, ಪಕ್ಕದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತಿದ್ದವು.

"ಉರುಳಿಸಿದ್ರೇ ಸಾ ಇವು ಸ್ಟಾರ್ಟ್ ಆಗೋದು. ಕೀಗೆಲ್ಲ ಬಗ್ಗಲ್ಲ."

"ಅದು ಹಳೇ ಗಾಡಿ ಕಥೆ. ಹೊಸಾದು ಹಂಗಲ್ಲ!"

"ಹಂಗಾದ್ರೆ ಆ ಮುಂದಿರೋದು ಯಾರ್ದು ಸಾ?"

ಸಾಲಿನ ಮುಂದೆ, ಹೂವಿನ ಹಾರ ಹಾಕಿಕೊಂಡು, ಬೆಳಗ್ಗೆ ಮ್ಯಾನೇಜರೇ ಓಡಿಸಿಕೊಂಡು ಬಂದ ಹೊಚ್ಚ ಹೊಸ ಗಾಡಿ ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಂತಿತ್ತು.