ಮುದಿ ಕೇರೆಗೆ ಅರಗಲಿಲ್ಲ

ಹೊಳೆದಂಡೆಯ ಆಶ್ರಮದ ಕಣಜದಲ್ಲಿ ಒಂದು ಕೇರೆಹಾವಿತ್ತು. ಹದಿನಾರು ವರ್ಷ ಇಲಿಗಳಿಂದ ರಾಗಿ ಕಾದಿತ್ತು. ಈಗ ಮುಪ್ಪು. ಬೇಟೆ ಆಗದು. ಶಿಷ್ಯ ಕೆಂಚಪ್ಪನೇ ಬೋನಿನಲ್ಲಿ ಇಲಿ ಹಿಡಿದು ಅದರ ಬುಟ್ಟಿಗೆ ಹಾಕುತ್ತಿದ್ದ.

ದಿನಾ ಸಂಜೆ, "ಅಮ್ಮಾ, ನಾನು ಏನಾದರೂ ಸುಧಾರಿಸಿದೆನೇ?" ಎಂದು ಗುರು ಸಿದ್ಧಮ್ಮನವರ ತಲೆ ತಿನ್ನುತ್ತಿದ್ದವನೂ ಅವನೇ.

ಒಂದು ಬೆಳಿಗ್ಗೆ ಅವನು ಅಳುಮೋರೆ ಹಾಕಿಕೊಂಡು ಬಂದ.

"ಅಮ್ಮಾ, ಹಾವು ಮತ್ತೆ ಕಕ್ಕಿತು. ಮೊದಲ ಇಲಿ ನಾಲ್ಕನೆಯ ದಿನ ಹೊರಬಂತು. ಎರಡನೆಯದು ಮೂರನೆಯ ದಿನ. ಇದು ಎರಡೇ ದಿನಕ್ಕೆ. ಬರೀ ಎಲುಬಾಗಿದೆ. ಇನ್ನೊಂದು ಸಲ ಕಕ್ಕಿದರೆ ಉಳಿಯುವುದಿಲ್ಲ."

"ತಿನ್ನಿಸಿದ ಮೇಲೆ ಏನು ಮಾಡುತ್ತೀ?"

"ಗಳಿಗೆಗೊಮ್ಮೆ ಎತ್ತಿ, ಹೊಟ್ಟೆ ಒತ್ತಿ ನೋಡುತ್ತೇನೆ, ಅರಗಿತೋ ಇಲ್ಲವೋ ಅಂತ. ಒಂದು ಸಲವೂ ತಪ್ಪಿಸಿಲ್ಲ."

ಗುರು ಹಣೆ ಹಿಡಿದುಕೊಂಡರು.

"ಊಟಕ್ಕೆ ಏಳು."

ಮೂರು ಮುದ್ದೆ ಬಡಿಸಿದರು. ಉಂಡು ಅವನು ಚಾಪೆಗೆ ಒರಗಿದ್ದಷ್ಟೇ, ಎಬ್ಬಿಸಿ ನಿಲ್ಲಿಸಿ ಹೊಟ್ಟೆ ಒತ್ತಿದರು.

"ಅರಗಿತೇನಪ್ಪ?"

"ಈಗ ತಾನೇ ಉಂಡೆನಲ್ಲಮ್ಮ!"

ಒರಗಿದ. ಮತ್ತೆ ಎಬ್ಬಿಸಿದರು.

"ಈಗ?"

ಐದನೆಯ ಸಲಕ್ಕೆ ಅವನು ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಿಲಿಗೆ ಓಡಿದ.

ಮುಖ ತೊಳೆದುಕೊಂಡು ಬಂದು, "ತಿಳಿಯಿತಮ್ಮ," ಎಂದ.

"ಇಷ್ಟು ಬೇಗ? ಸರಿ. ಹಾವಿನ ಹೊಟ್ಟೆಗೆ ಎರಡು ವಾರ ಬಿಡುವು ಕೊಡು. ಆಮೇಲೆ ಒಂದೇ ಒಂದು ಸಣ್ಣ ಇಲಿ. ಬುಟ್ಟಿ ಎಳೆಬಿಸಿಲಿಗೆ ಇಡು. ಕೈ ಕಟ್ಟಿಕೊಂಡು ಕೂರು. ಮುದಿ ಹೊಟ್ಟೆಗೆ ನಿನ್ನ ಗಡಿಬಿಡಿ ಬೇಡ."

ಎರಡು ವಾರ ಕಳೆದು, ಸಣ್ಣ ಇಲಿ ಕೊಟ್ಟು, ಕೆಂಚಪ್ಪ ಕೂತ. ಎದ್ದ. ಬುಟ್ಟಿಗೆ ಮೂರು ಸುತ್ತು ಬಂದ. ಮುಚ್ಚಳಕ್ಕೆ ಕೈ ಹೋದಾಗಲೆಲ್ಲ ಅಡುಗೆಮನೆಯಿಂದ "ಹೂಂ!" ಎಂಬ ಗದರಿಕೆ ಬರುತ್ತಿತ್ತು.

ಒಂಬತ್ತನೆಯ ದಿನ ಹಾವು ತಾನೇ ಮುಚ್ಚಳ ಸರಿಸಿ ಹೊರಬಂದು ಬಿಸಿಗಲ್ಲಿನ ಮೇಲೆ ಮಲಗಿತು. ಹೊಟ್ಟೆಯ ಉಬ್ಬು ಇಳಿದಿತ್ತು. ಬುಟ್ಟಿಯಲ್ಲಿ ಹಿಕ್ಕೆ ಬಿದ್ದಿತ್ತು.

ಕೆಂಚಪ್ಪ ಅಡುಗೆಮನೆಗೆ ಓಡಿದ.

"ಅಮ್ಮಾ, ಅರಗಿತು! ಒಂಬತ್ತು ದಿನ ಮುಟ್ಟಲೇ ಇಲ್ಲ ನಾನು. ತಾಳ್ಮೆ ಕಲಿತೆ ಅಲ್ಲವೇ? ಹೇಳಿ, ಕಲಿತೆ ತಾನೇ? ಎಷ್ಟು ಕಲಿತಿರಬಹುದು?"

ಗುರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ಅಯ್ಯೋ ಪುಣ್ಯಾತ್ಮ, ಮತ್ತೆ ನಿನ್ನನ್ನೇ ಎತ್ತಿ ಒತ್ತಿ ನೋಡಿದೆಯಲ್ಲೋ!"