ಚಾಕು ಕೇಳಿದ ದಾರಿ

ನೀಲವ್ವನ ಮೇದೋಜೀರಕ ಗ್ರಂಥಿಯಲ್ಲಿ ಬೆಳೆದ ಗಡ್ಡೆಯನ್ನು ತೆಗೆಯಲು ಹೊರಟ ಆಪರೇಷನ್ ಚಾಕು, ಗೋಡೆಯ ಮೇಲಿದ್ದ ದೇಹರಚನೆಯ ಪಟದ ಬಳಿ ದಾರಿ ಕೇಳಿತು.

"ದೊಡ್ಡ ರಕ್ತನಾಳ ಗ್ರಂಥಿಯ ಹಿಂದಿರುತ್ತದೆ. ಮುಂದಿನಿಂದ ನಿರ್ಭಯವಾಗಿ ಹೋಗು," ಎಂದಿತು ಪಟ. "ಮೂವತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ."

ಪಕ್ಕದ ಬೆಳಕಿನ ಪೆಟ್ಟಿಗೆಯ ಮೇಲಿದ್ದ ಸ್ಕ್ಯಾನ್ ಫಿಲ್ಮ್ ಮೆಲ್ಲಗೆ ನುಡಿಯಿತು: "ತಾಳಣ್ಣಾ. ಇವಳಲ್ಲಿ ಅದು ಮುಂದಿದೆ. ನೀನು ತಾಗಿದರೆ ಇವಳು ಉಳಿಯಲಾರಳು."

"ನಿನ್ನೆ ಹುಟ್ಟಿದ ನೀನು ನನ್ನನ್ನು ತಿದ್ದುತ್ತೀಯಾ? ನಾನು ಎಲ್ಲರ ಚಿತ್ರ!" ಎಂದು ಪಟ ಸಿಡುಕಿತು.

"ನಿಜ ಹಿರಿಯರೇ, ನೀವು ಎಲ್ಲರ ಚಿತ್ರ. ನಾನು ನೀಲವ್ವನ ಚಿತ್ರ ಮಾತ್ರ. ನಿನ್ನೆ ಅವಳು ಯಂತ್ರದೊಳಗೆ ಮಲಗಿ, ಅಲುಗಾಡದೆ ಉಸಿರು ಬಿಗಿಹಿಡಿದಾಗ ನಾನು ಹುಟ್ಟಿದೆ."

ಚಾಕು ಫಿಲ್ಮ್ ಹೇಳಿದ ದಾರಿಯನ್ನೇ ಹಿಡಿಯಿತು. ಗ್ರಂಥಿಯ ಮುಂದೆ, ಹೇಳಿದ ಜಾಗದಲ್ಲೇ, ರಕ್ತನಾಳ ಅಡ್ಡ ಮಲಗಿತ್ತು. ಚಾಕು ಅದನ್ನು ಸೋಕದೆ ಬಳಸಿಕೊಂಡು ಹೋಗಿ ಗಡ್ಡೆಯನ್ನು ಬಿಡಿಸಿ ತಂದಿತು.

ರಕ್ತನಾಳಕ್ಕೆ ಬೆರಗಾಯಿತು. "ನಾನು ಇಲ್ಲಿರುತ್ತೇನೆಂದು ಯಾರೂ ಎಣಿಸುವುದಿಲ್ಲ. ನಿನಗೆ ಯಾರು ಹೇಳಿದರು?"

"ನೀಲವ್ವನೇ ಹೇಳಿದಳು," ಎಂದಿತು ಚಾಕು, "ಉಸಿರು ಬಿಗಿಹಿಡಿದು."